ಅರ್ಥಶಾಸ್ತ್ರದ ಓದು: ಯಾರ ಹಣ, ಯಾರ ಲೆಕ್ಕ?

(ಗಿರಣಿ ಕೂಲಿಕಾರರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಈ ದಿನ ಮಾತನಾಡಲು ನೀವು ನನಗೆ ಕೊಟ್ಟಿರುವ ವಿಷಯ ಒಂದು ಪ್ರಶ್ನೆಯ ರೂಪದಲ್ಲಿದೆ. "ಖಾಸಗಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಓದುವುದು ನಮ್ಮ ಮಕ್ಕಳಿಗೆ ತಕ್ಕದ್ದೇ?" ಎಂಬುದು ಆ ಪ್ರಶ್ನೆ. ಇದರ ಹಿಂದೆ ಎರಡು ಸಂಶಯಗಳಿವೆ. ಅರ್ಥಶಾಸ್ತ್ರವೆಂಬುದು ಹಣವಿದ್ದವರ ವಿದ್ಯೆ. ಕೈಯಲ್ಲಿ ಹಣವೇ ಇಲ್ಲದವನಿಗೆ ಹಣದ ಶಾಸ್ತ್ರವೇಕೆ ಎಂಬುದು ಒಂದು. ಖಾಸಗಿ ವಿಶ್ವವಿದ್ಯಾನಿಲಯವೆಂದರೆ ಧನಿಕರು ಕಟ್ಟಿದ ಮನೆ. ಅಲ್ಲಿ ಧನಿಕರಿಗೆ ಒಪ್ಪುವ ಪಾಠವನ್ನು ಬಿಟ್ಟು ಬೇರೇನನ್ನು ಕಲಿಸಿಯಾರು ಎಂಬುದು ಇನ್ನೊಂದು. ಎರಡೂ ಯೋಗ್ಯವಾದ ಸಂಶಯಗಳೇ. ನಕ್ಕು ತಳ್ಳಿಹಾಕುವಂಥವಲ್ಲ.

ಇದಕ್ಕೆ ಉಪದೇಶದ ಮಾತಿನಿಂದ ಉತ್ತರ ಹೇಳುವ ಬದಲು, ಖಾಸಗಿ ವಿಶ್ವವಿದ್ಯಾನಿಲಯವೊಂದರಲ್ಲಿ ಅರ್ಥಶಾಸ್ತ್ರ ಓದಿದ ಒಬ್ಬರ ಓದಿನ ಜಮಾ ಖರ್ಚನ್ನು ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ. ಹಣ ಎಲ್ಲಿಂದ ಬಂತು, ಏನನ್ನು ಓದಿದರು, ಆ ಓದಿನಿಂದ ಯಾರಿಗೆ ಏನು ಬಂತು, ಇವನ್ನು ನೋಡೋಣ. ಆಮೇಲೆ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಹೇಳಿಕೊಳ್ಳಬಹುದು. ಆ ವಿದ್ಯಾರ್ಥಿ ಡಾಕ್ಟರ್ ಭೀಮರಾವ್ ಅಂಬೇಡ್ಕರರು. ರಾಜ್ಯಾಂಗ ಬರೆದವರೆಂದು ಅವರನ್ನು ನಾವೆಲ್ಲ ಬಲ್ಲೆವು. ಅದಕ್ಕೆ ಬಹಳ ಮುಂಚೆ ಅವರು ಅರ್ಥಶಾಸ್ತ್ರದ ಪಂಡಿತರಾಗಿದ್ದರು ಎಂಬ ಸಂಗತಿಯನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಮೊದಲು ಅರ್ಥಶಾಸ್ತ್ರದ ಮಾತು. ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಸಂಬಳದಲ್ಲಿ ಅಕ್ಕಿಗೆಷ್ಟು, ಬಾಡಿಗೆಗೆಷ್ಟು, ಸಾಲದ ಬಡ್ಡಿಗೆಷ್ಟು ಎಂದು ನಮ್ಮ ತಾಯಂದಿರು ತಿಂಗಳ ಮೊದಲ ದಿನ ಹಾಕುವ ಲೆಕ್ಕ ಅರ್ಥಶಾಸ್ತ್ರವೇ. ಉದ್ರಿ ಕೊಟ್ಟರೆ ಬಂಡವಾಳ ಸಿಕ್ಕಿಬೀಳುತ್ತದೆ, ಕೊಡದಿದ್ದರೆ ಗಿರಾಕಿ ಎದುರಂಗಡಿಗೆ ಹೋಗುತ್ತಾನೆ ಎಂದು ವ್ಯಾಪಾರಿ ತೂಗಿ ನೋಡುವುದೂ ಅರ್ಥಶಾಸ್ತ್ರವೇ. ಆದರೆ ನಮ್ಮ ಲೆಕ್ಕ ನಮ್ಮ ಹೊಸ್ತಿಲಿನಲ್ಲಿ ನಿಂತುಬಿಡುತ್ತದೆ. ಅಕ್ಕಿಯ ಬೆಲೆ ಏಕೆ ಏರಿತು, ರೂಪಾಯಿಯ ಬೆಲೆ ಏಕೆ ಇಳಿಯಿತು, ನಾವು ಕಟ್ಟಿದ ತೆರಿಗೆ ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನು ಬೇರೆಯವರು ಬೇರೆ ಊರಿನಲ್ಲಿ ಕೂತು ಬರೆಯುತ್ತಾರೆ. ಆ ಪುಸ್ತಕವನ್ನು ಓದಬಲ್ಲವರು ನಮ್ಮ ಮನೆಗಳಲ್ಲಿ ಇಲ್ಲದಿದ್ದರೆ, ಅವರು ಹೇಳಿದ ಮೊತ್ತಕ್ಕೆ ನಾವು ಹೆಬ್ಬೆಟ್ಟು ಒತ್ತಬೇಕಾಗುತ್ತದೆ.

ಈಗ ಅಂಬೇಡ್ಕರರ ಜಮಾ ಖರ್ಚಿಗೆ ಬರೋಣ.

1913ನೆಯ ಇಸವಿ ಜುಲೈ ತಿಂಗಳಲ್ಲಿ ಅವರು ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಆಗ ಅವರಿಗೆ 22 ವರ್ಷ. ತಂದೆ ಅದೇ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಕೊಲಂಬಿಯಾ ಸರಕಾರದ ವಿಶ್ವವಿದ್ಯಾನಿಲಯವಲ್ಲ. 1754ರಲ್ಲಿ ಕಿಂಗ್ಸ್ ಕಾಲೇಜು ಎಂಬ ಹೆಸರಿನಿಂದ ಹುಟ್ಟಿ, ಟ್ರಸ್ಟಿಗಳ ಮಂಡಳಿಯ ಕೈಯಲ್ಲಿ ನಡೆದುಕೊಂಡು ಬಂದ ಖಾಸಗಿ ಸಂಸ್ಥೆ ಅದು. ಅದರ ಬಾಗಿಲು ಮುಂಬಯಿಯ ಕೂಲಿಕೇರಿಯಲ್ಲಿ ಬೆಳೆದ ಅಸ್ಪೃಶ್ಯರ ಹುಡುಗನಿಗೆ ತೆರೆದದ್ದು ಹೇಗೆ? ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ವಿದ್ಯಾರ್ಥಿವೇತನ ಕೊಟ್ಟರು. ಆಗ ಪೌಂಡಿಗೆ 15 ರೂಪಾಯಿ. ಅಂದರೆ ತಿಂಗಳಿಗೆ 172 ರೂಪಾಯಿ 8 ಆಣೆ. ಓದು ಮುಗಿಸಿ ಬಂದು ಹತ್ತು ವರ್ಷ ಬಡೋದೆಯ ಸಂಸ್ಥಾನದ ನೌಕರಿ ಮಾಡಬೇಕೆಂಬ ಕರಾರೂ ಆಯಿತು.

ಹಣ ಕೊಟ್ಟದ್ದು ಮಹಾರಾಜರು, ಆ ಉಪಕಾರವನ್ನು ಅಂಬೇಡ್ಕರರು ಎಂದೂ ಮರೆಯಲಿಲ್ಲ. ಆದರೆ ಸಂಸ್ಥಾನದ ಬೊಕ್ಕಸಕ್ಕೆ ಹಣ ಎಲ್ಲಿಂದ ಬಂತು? ಹೊಲ ಉತ್ತವನ ಕಂದಾಯದಿಂದ, ಸಂತೆಯ ಸುಂಕದಿಂದ ಬಂತು. ಹಾಗಾಗಿ ಖಾಸಗಿ ವಿಶ್ವವಿದ್ಯಾನಿಲಯದ ಬಾಗಿಲನ್ನು ತೆರೆದ ಬೀಗದ ಕೈ ಸಾರ್ವಜನಿಕ ಹಣದ್ದು. ಈ ಸಂಗತಿಯನ್ನು ಗಂಟು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿ ಮೂರು ವರ್ಷದಲ್ಲಿ ಅವರು ತೆಗೆದುಕೊಂಡ ಪಾಠಗಳ ಪಟ್ಟಿ ಉಳಿದಿದೆ. ಅರ್ಥಶಾಸ್ತ್ರದ ಪಾಠಕ್ರಮಗಳೇ 29. ಇತಿಹಾಸದವು 11, ಸಮಾಜಶಾಸ್ತ್ರದವು 6, ತತ್ತ್ವಶಾಸ್ತ್ರದವು 5, ಮಾನವಶಾಸ್ತ್ರದವು 4, ರಾಜ್ಯಶಾಸ್ತ್ರದವು 3. ಸಾಲದೆಂದು ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಮೊದಲ ಪಾಠ ಒಂದೊಂದು. ಸಂಸ್ಥಾನದ ಹಣ ಮೂರು ವರ್ಷಕ್ಕೆ ಮುಗಿಯುತ್ತದೆಂದು ಗೊತ್ತಿದ್ದ ಹುಡುಗ ಒಂದು ದಿನವನ್ನೂ ಪೋಲು ಮಾಡಲಿಲ್ಲ.

ಓದಲು ಆರಿಸಿಕೊಂಡ ವಿಷಯಗಳನ್ನು ನೋಡಿ. 1915ರಲ್ಲಿ ಎಂ.ಎ. ಪದವಿಗಾಗಿ ಬರೆದ ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸನ್ನು ಕುರಿತದ್ದು. 1916ರ ಮೇ ತಿಂಗಳಲ್ಲಿ ಅಲ್ಲಿನ ವಿದ್ವಾಂಸರ ಮುಂದೆ ಓದಿದ ಪ್ರಬಂಧ ಹಿಂದೂಸ್ಥಾನದ ಜಾತಿಗಳನ್ನು ಕುರಿತದ್ದು. ಹೋದದ್ದು ಅಮೆರಿಕಕ್ಕೆ, ತಡಕಿದ್ದು ನಮ್ಮ ದೇಶದ ಖಾತೆ ಕಿರ್ದಿಯನ್ನು.

ಇನ್ನು ಅವರ ಗುರುಗಳ ವಿಷಯ. ಮುಖ್ಯ ಗುರು ಪ್ರೊಫೆಸರ್ ಎಡ್ವಿನ್ ಸೆಲಿಗ್ಮನ್. ಇವರು ದೊಡ್ಡ ಬ್ಯಾಂಕು ಮನೆತನದಲ್ಲಿ ಹುಟ್ಟಿದವರು. ಧನಿಕನ ಮಗ, ಧನಿಕರ ವಿಶ್ವವಿದ್ಯಾನಿಲಯ. ಇಂಥವರು ಏನು ಕಲಿಸಿಯಾರು ಎಂದು ನಿಮಗೆ ಅನ್ನಿಸಬಹುದು. ಅವರು ಜೀವಮಾನವಿಡೀ ಬರೆದದ್ದು ತೆರಿಗೆಯನ್ನು ಕುರಿತು. ಶಕ್ತಿಯಿದ್ದವನು ಹೆಚ್ಚು ಹೊರಬೇಕು, ಆದಾಯ ಏರಿದಂತೆ ತೆರಿಗೆಯೂ ಏರಬೇಕು ಎಂಬ ವಾದಕ್ಕೆ ಶಾಸ್ತ್ರದ ತಳಹದಿ ಹಾಕಿದವರಲ್ಲಿ ಅವರೊಬ್ಬರು. ಆದಾಯ ತೆರಿಗೆ ಹಾಕುವ ಅಧಿಕಾರವನ್ನು ಅಮೆರಿಕದ ಕೇಂದ್ರ ಸರಕಾರಕ್ಕೆ ಕೊಟ್ಟ ರಾಜ್ಯಾಂಗ ತಿದ್ದುಪಡಿ 1913ರಲ್ಲೇ ಬಂತು. ಅಂಬೇಡ್ಕರರು ಅಲ್ಲಿ ಕಾಲಿಟ್ಟ ವರ್ಷವೂ ಅದೇ. ಆದ್ದರಿಂದ ಖಾಸಗಿ ಎಂಬ ಒಂದೇ ಕಾರಣಕ್ಕೆ ಎಲ್ಲ ಪಾಠವೂ ಸಾಹುಕಾರನ ಪಾಠ ಎಂದು ತೀರ್ಮಾನ ಮಾಡಬೇಡಿ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಅದೇ ಕಾಲದಲ್ಲಿ, ಅದೇ ದೇಶದ ಪೆನ್ಸಿಲ್ವೇನಿಯಾ ಎಂಬ ಇನ್ನೊಂದು ಖಾಸಗಿ ವಿಶ್ವವಿದ್ಯಾನಿಲಯದಲ್ಲಿ ಸ್ಕಾಟ್ ನಿಯರಿಂಗ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕರಿದ್ದರು. ಗಣಿಗಳಲ್ಲಿ, ಗಿರಣಿಗಳಲ್ಲಿ ಚಿಕ್ಕ ಮಕ್ಕಳನ್ನು ದುಡಿಸುವುದು ತಪ್ಪೆಂದು ಅವರು ಬರೆದರು, ಸಭೆಗಳಲ್ಲಿ ಮಾತನಾಡಿದರು. 1915ರ ಬೇಸಗೆಯಲ್ಲಿ ಟ್ರಸ್ಟಿಗಳು ಕಾರಣ ಹೇಳದೆ ಅವರ ಕೆಲಸವನ್ನು ನಿಲ್ಲಿಸಿದರು. ಕೊಲಂಬಿಯಾ ಕೂಡ ಇದಕ್ಕೆ ಹೊರತಾಗಲಿಲ್ಲ. 1917ರಲ್ಲಿ, ಮಹಾಯುದ್ಧದ ಕಾವಿನಲ್ಲಿ, ಯುದ್ಧನೀತಿಗೆ ವಿರುದ್ಧವಾಗಿ ನಡೆದರೆಂದು ಕ್ಯಾಟೆಲ್ ಮತ್ತು ಡೇನಾ ಎಂಬ ಇಬ್ಬರು ಅಧ್ಯಾಪಕರನ್ನು ಅದರ ಟ್ರಸ್ಟಿಗಳು ತೆಗೆದುಹಾಕಿದರು. ಚಾರ್ಲ್ಸ್ ಬಿಯರ್ಡ್ ಎಂಬ ಪ್ರಸಿದ್ಧ ಇತಿಹಾಸಕಾರರು ಸ್ವತಃ ಯುದ್ಧದ ಪರವಾಗಿದ್ದವರು. ಆದರೂ ಅಧ್ಯಾಪಕರ ಬಾಯಿ ಕಟ್ಟುವುದನ್ನು ಒಪ್ಪದೆ ತಾವಾಗಿ ರಾಜೀನಾಮೆ ಕೊಟ್ಟು ಹೊರಗೆ ನಡೆದರು.

ಇಂಥ ಅನುಭವಗಳಿಂದಲೇ ಆ ದೇಶದ ಅಧ್ಯಾಪಕರು 1915ರಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡರು. ಅದರ ಮೊದಲ ಅಧ್ಯಕ್ಷರು ಅಂಬೇಡ್ಕರರ ಇನ್ನೊಬ್ಬ ಗುರುಗಳಾದ ಜಾನ್ ಡ್ಯೂಯಿ. ಪಾಠದ ಸ್ವಾತಂತ್ರ್ಯವನ್ನು ಕುರಿತ ಸಂಘದ ಘೋಷಣೆಯನ್ನು ಸಿದ್ಧಪಡಿಸಿದ ಸಮಿತಿಗೆ ಅಧ್ಯಕ್ಷರು ಅದೇ ಸೆಲಿಗ್ಮನ್. ಕೂಲಿಕಾರರಿಗೆ ಸಂಘ ಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರೊಫೆಸರರಿಗೂ ಅದೇ ಬೇಕಾಯಿತು.

ಈಗ ಖರ್ಚಿನ ಕಡೆ ನೋಡಿದೆವು. ಜಮಾ ಕಡೆ ನೋಡೋಣ. ಈ ಓದಿನಿಂದ ಏನು ಬಂತು?

ಕೂಡಲೇ ಬಂದದ್ದು ಅವಮಾನ. ಕೊಲಂಬಿಯಾದಿಂದ ಲಂಡನ್ನಿಗೆ ಹೋಗಿ ಅಲ್ಲಿನ ಅರ್ಥಶಾಸ್ತ್ರದ ಶಾಲೆ ಸೇರಿದ್ದರು. ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಅರ್ಧಕ್ಕೆ ಹಿಂದಿರುಗಬೇಕಾಯಿತು. ಕರಾರಿನಂತೆ ಬಡೋದೆಗೆ ಹೋದರು. ಅಮೆರಿಕದ ಎಂ.ಎ. ಆದವರಿಗೆ ಊರಿನಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಪಾರಸಿಗಳ ತಂಗುದಾಣದಲ್ಲಿ ಇದ್ದರು. ಗೊತ್ತಾದ ಮೇಲೆ ಜನ ದೊಣ್ಣೆ ಹಿಡಿದು ಬಂದು ಎಬ್ಬಿಸಿ ಕಳುಹಿಸಿದರು. ಪದವಿಯೊಂದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ನಂಬುವವರು ಈ ಸಂಗತಿಯನ್ನು ನೆನಪಿಡಬೇಕು.

ಆದರೂ ಅವರು ಓದನ್ನು ಕೈಬಿಡಲಿಲ್ಲ. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ಹಣ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ನ್ಯೂಯಾರ್ಕಿನಲ್ಲಿ ಜೊತೆಗಿದ್ದ ನವಲ್ ಭಾತೇನಾ ಎಂಬ ಪಾರಸಿ ಗೆಳೆಯರು ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ 1923ರಲ್ಲಿ ಅಲ್ಲಿನ ಡಿ.ಎಸ್‌ಸಿ. ಪದವಿ ಪಡೆದರು. ಕೊಲಂಬಿಯಾ ಅವರಿಗೆ 1927ರಲ್ಲಿ ಪಿಎಚ್.ಡಿ. ಕೊಟ್ಟಿತು. ಹಡಗು ಹತ್ತಿದ ದಿನದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ.

ಅವರ ಮೂರು ಬರಹಗಳ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಗಿರಣಿಗೂ ಅಂಗಡಿಗೂ ಅವುಗಳ ಸಂಬಂಧ ನಿಮಗೆ ತಾನಾಗಿ ಕಾಣುತ್ತದೆ.

ಮೊದಲನೆಯದು 1918ರದು, ಸಣ್ಣ ಹಿಡುವಳಿಗಳನ್ನು ಕುರಿತದ್ದು. ಹೊಲಗಳು ತುಂಡು ತುಂಡಾಗಿವೆ, ಒಟ್ಟುಗೂಡಿಸಿದರೆ ರೈತನ ಬಡತನ ಹೋಗುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಅಂಬೇಡ್ಕರರು ಒಪ್ಪಲಿಲ್ಲ. ಹೊಲ ದೊಡ್ಡದೋ ಚಿಕ್ಕದೋ ಎಂಬುದು ಎಕರೆಯಿಂದ ಮಾತ್ರ ತಿಳಿಯುವುದಿಲ್ಲ; ಎತ್ತು, ನೇಗಿಲು, ಬಂಡವಾಳ ಎಷ್ಟಿವೆ ಎಂಬುದರಿಂದ ತಿಳಿಯುತ್ತದೆ. ಒಂದೇ ಹೊಲವನ್ನು ನೆಚ್ಚಿಕೊಂಡು ಬೇಕಾದ್ದಕ್ಕಿಂತ ಹೆಚ್ಚು ಜನ ಕೂತಿದ್ದಾರೆ. ದುಡಿಮೆಯಿಲ್ಲದ ಕೈಗಳಿಗೆ ಕೈಗಾರಿಕೆಯಲ್ಲಿ ಕೆಲಸ ಹುಟ್ಟಬೇಕು. ಆಗಲೇ ಹೊಲವೂ ಸುಧಾರಿಸುತ್ತದೆ ಎಂದರು. ಹಳ್ಳಿ ಬಿಟ್ಟು ಗಿರಣಿಯ ಬಾಗಿಲಿಗೆ ಬಂದ ಮನೆಗಳ ಕಥೆಯನ್ನು ಅವರು ಅಂಕಿಗಳಲ್ಲಿ ಬರೆದಿದ್ದಾರೆ.

ಎರಡನೆಯದು 1923ರ ಗ್ರಂಥ, ರೂಪಾಯಿಯ ಸಮಸ್ಯೆಯನ್ನು ಕುರಿತದ್ದು. ರೂಪಾಯಿಗೆ ಇಂಗ್ಲಿಷ್ ನಾಣ್ಯದಲ್ಲಿ ಎಷ್ಟು ಬೆಲೆ ಕಟ್ಟಬೇಕು ಎಂಬ ಜಗಳ ಆ ದಶಕದಲ್ಲಿ ನಡೆಯುತ್ತಿತ್ತು. ರೂಪಾಯಿ ಅಗ್ಗವಾದರೆ ವ್ಯಾಪಾರ ಕುದುರುತ್ತದೆಂದು ದೊಡ್ಡ ಗಿರಣಿ ಮಾಲೀಕರು ವಾದಿಸಿದರು. ಅಂಬೇಡ್ಕರರು ಕೇಳಿದ ಪ್ರಶ್ನೆ, ಆ ಲಾಭ ಯಾರ ಜೇಬಿನಿಂದ ಬರುತ್ತದೆ ಎಂಬುದು. ರೂಪಾಯಿ ಅಗ್ಗವಾದರೆ ಬೆಲೆಗಳು ಏರುತ್ತವೆ. ಕೂಲಿ ಅಷ್ಟು ಬೇಗ ಏರುವುದಿಲ್ಲ. ಉದಾಹರಣೆಗೆ ನೂರು ರೂಪಾಯಿ ಕೂಲಿ ನೂರ ಹತ್ತಾಯಿತೆನ್ನಿ. ನೂರು ರೂಪಾಯಿಯ ಸಾಮಾನು ನೂರಿಪ್ಪತ್ತಾಯಿತೆನ್ನಿ. ಪಗಾರದ ಚೀಟಿಯಲ್ಲಿ ಹತ್ತು ರೂಪಾಯಿ ಹೆಚ್ಚು ಕಾಣುತ್ತದೆ. ಚೀಲದಲ್ಲಿ ಸಾಮಾನು ಕಡಿಮೆಯಾಗಿರುತ್ತದೆ. ಮಾಲೀಕನಿಗೆ ಕೂಡಿದ್ದು ಕೂಲಿಕಾರನಿಂದ ಕಳೆದದ್ದೇ. ಕೂಲಿಕಾರನ ಚೀಲ ಹಗುರಾದರೆ ಚಿಲ್ಲರೆ ಅಂಗಡಿಯ ಗಲ್ಲಾಪೆಟ್ಟಿಗೆಯೂ ಹಗುರಾಗುತ್ತದೆಂದು ವ್ಯಾಪಾರಿ ಮಿತ್ರರಿಗೆ ನಾನು ಹೇಳಬೇಕಾಗಿಲ್ಲ. ಈ ಮಾತನ್ನು ಅವರು 1925ರಲ್ಲಿ ನಾಣ್ಯದ ವಿಚಾರಣೆಗೆ ಬಂದ ರಾಯಲ್ ಆಯೋಗದ ಎದುರಿಗೂ ಇಟ್ಟರು.

ಮೂರನೆಯದು 1925ರಲ್ಲಿ ಅಚ್ಚಾದ, ಪ್ರಾಂತಗಳ ಹಣಕಾಸನ್ನು ಕುರಿತ ಗ್ರಂಥ. ಕೊಲಂಬಿಯಾದ ಪಿಎಚ್.ಡಿ. ಬಂದದ್ದು ಇದಕ್ಕೇ. ತೆರಿಗೆ ಎತ್ತುವವರು ಯಾರು, ಖರ್ಚು ಮಾಡುವವರು ಯಾರು, 1833ರಿಂದೀಚೆಗೆ ಬ್ರಿಟಿಷ್ ಸರಕಾರದ ಕೇಂದ್ರಕ್ಕೂ ಪ್ರಾಂತಗಳಿಗೂ ಪಾಲು ಹೇಗೆ ನಡೆಯಿತು ಎಂಬುದರ ಇತಿಹಾಸ ಅದು. ಹಳೆಯ ಮಾತೆನ್ನಬೇಡಿ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲಿನೊಳಗೆ ಕರ್ನಾಟಕಕ್ಕೆ 14ನೆಯ ಹಣಕಾಸು ಆಯೋಗ ನೂರಕ್ಕೆ 4.713 ಗೊತ್ತುಮಾಡಿತ್ತು. 15ನೆಯ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಈ ಅಂಕಿಗಳ ಸಂಗಡ ನಮ್ಮ ಊರಿನ ರಸ್ತೆ, ಆಸ್ಪತ್ರೆ, ಶಾಲೆಯ ಭಾಗ್ಯವೂ ಏರಿಳಿಯುತ್ತದೆ.

ಈ ವಿದ್ಯೆ ಪುಸ್ತಕದಲ್ಲೇ ಉಳಿಯಲಿಲ್ಲ. ಅಂಬೇಡ್ಕರರು 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಮುಷ್ಕರದ ಹಕ್ಕನ್ನು ಮೊಟಕು ಮಾಡುವ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಮುಂಬಯಿಯಲ್ಲಿ ನಡೆದ ಮುಷ್ಕರದ ಮುಂದಾಳುಗಳಲ್ಲಿ ಒಬ್ಬರಾದರು. 1942ರಿಂದ 1946ರ ವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಗಿರಣಿಯ ವಾರದ ದುಡಿಮೆಯನ್ನು 54 ಗಂಟೆಯಿಂದ 48 ಗಂಟೆಗೆ ಇಳಿಸಿದ 1946ರ ಕಾರ್ಖಾನೆ ತಿದ್ದುಪಡಿ ಮಸೂದೆಯನ್ನು ಶಾಸನಸಭೆಯಲ್ಲಿ ಮಂಡಿಸಿದವರು ಅವರೇ. ಕೂಲಿಕಾರರ ಹೋರಾಟವಿಲ್ಲದೆ ಆ ಆರು ಗಂಟೆ ಕಡಿಮೆಯಾಗುತ್ತಿರಲಿಲ್ಲ. ಆದರೆ ಮಾಲೀಕರ ಅಂಕಿಗೆ ಎದುರು ಅಂಕಿ ಇಡಬಲ್ಲವರು ಆ ಕುರ್ಚಿಯಲ್ಲಿ ಇದ್ದದ್ದೂ ಸಣ್ಣ ಸಂಗತಿಯಲ್ಲ. ಬಡೋದೆಯ ರೈತನ ಕಂದಾಯ ಮುಂಬಯಿಯ ಗಿರಣಿಗೆ ಹೀಗೆ ಬಡ್ಡಿಸಹಿತ ಸಂದಿತು.

ಇನ್ನು ಈ ಕಾಲಕ್ಕೆ ಬರೋಣ. ನಮ್ಮ ದೇಶದಲ್ಲೂ ಈಗ ಖಾಸಗಿ ವಿಶ್ವವಿದ್ಯಾನಿಲಯಗಳು ಬಹಳ ಎದ್ದಿವೆ. ಇಲ್ಲೂ ನಾಣ್ಯಕ್ಕೆ ಎರಡು ಮುಖ. ಬೆಂಗಳೂರಿನಲ್ಲಿ 2010ರಲ್ಲಿ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯ ಖಾಸಗಿಯದೇ. ಅಲ್ಲಿನ ಅರ್ಥಶಾಸ್ತ್ರಜ್ಞರು 2018ರಿಂದ ದೇಶದ ದುಡಿಮೆಗಾರರ ಸ್ಥಿತಿಗತಿಯ ವರದಿಗಳನ್ನು ಬರೆದು, ಕೆಲಸವೆಷ್ಟು, ಕೂಲಿಯೆಷ್ಟು, ಹೆಂಗಸರಿಗೆ ಸಿಗುವುದೆಷ್ಟು ಎಂದು ಲೋಕದ ಮುಂದೆ ಇಟ್ಟಿದ್ದಾರೆ. ಹರಿಯಾಣದ ಅಶೋಕ ವಿಶ್ವವಿದ್ಯಾನಿಲಯವೂ ಖಾಸಗಿಯದು. ಅಲ್ಲಿ 2021ರಲ್ಲಿ ಪ್ರತಾಪ ಭಾನು ಮೆಹ್ತಾ ಅವರು ರಾಜೀನಾಮೆ ಕೊಟ್ಟರು. ಅದನ್ನು ಪ್ರತಿಭಟಿಸಿ ಅರ್ಥಶಾಸ್ತ್ರಜ್ಞ ಅರವಿಂದ ಸುಬ್ರಮಣಿಯನ್ ಅವರೂ ಹೊರನಡೆದರು. 2019ರ ಲೋಕಸಭಾ ಚುನಾವಣೆಯ ಅಂಕಿಗಳನ್ನು ಪರಿಶೀಲಿಸಿ ಪ್ರಬಂಧ ಬರೆದ ಇನ್ನೊಬ್ಬ ಅರ್ಥಶಾಸ್ತ್ರದ ಅಧ್ಯಾಪಕರು, ಆ ಪ್ರಬಂಧದ ಮೇಲೆ ಗದ್ದಲವೆದ್ದು, 2023ರಲ್ಲಿ ಕೆಲಸ ಬಿಟ್ಟರು. 1917ರ ಕೊಲಂಬಿಯಾದ ಕಥೆ ನೆನಪಾಗುತ್ತದೆಯಷ್ಟೆ?

ಹಾಗಾದರೆ ಬಾಗಿಲು ತೆರೆಯುವ ಬೀಗದ ಕೈಯ ಗತಿ ಏನಾಯಿತು? ಆಗ ಗಂಟು ಹಾಕಿಟ್ಟ ಮಾತನ್ನು ಈಗ ಬಿಚ್ಚಿ. ಪರಿಶಿಷ್ಟರು ಮೊದಲಾದವರ ಮಕ್ಕಳು ಹೊರದೇಶದಲ್ಲಿ ಓದಲೆಂದು ಕೇಂದ್ರ ಸರಕಾರ 1954-55ರಿಂದ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. 2022ರಲ್ಲಿ ಅದಕ್ಕೊಂದು ನಿಯಮ ಸೇರಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜಗಳನ್ನು ವಿದೇಶದಲ್ಲಿ ಓದುವುದಕ್ಕೆ ಈ ಹಣವಿಲ್ಲ. ಇಂಥ ನಿಯಮ 1913ರಲ್ಲಿ ಬಡೋದೆಯಲ್ಲಿ ಇದ್ದಿದ್ದರೆ, ಹಿಂದೂಸ್ಥಾನದ ಜಾತಿಗಳನ್ನು ಕುರಿತ ಆ ಪ್ರಬಂಧ ನ್ಯೂಯಾರ್ಕಿನಲ್ಲಿ ಹುಟ್ಟುತ್ತಿತ್ತೇ? ಹಣ ಕೊಡುವ ಕೈ ಖಾಸಗಿಯದಾಗಲಿ ಸರಕಾರದ್ದಾಗಲಿ, ಅದು ಪ್ರಶ್ನೆಯನ್ನೂ ಆರಿಸಿಕೊಡಲು ಹೊರಟಾಗ ಓದುವವನು ಎಚ್ಚರವಾಗಿರಬೇಕು.

ಮನೆಯ ಹತ್ತಿರದ ದಾರಿಯೂ ಒಂದು ಇದೆ. ಕರ್ನಾಟಕ ಸರಕಾರ 2017ರಲ್ಲಿ ಬೆಂಗಳೂರಿನಲ್ಲಿ ಅಂಬೇಡ್ಕರರ ಹೆಸರಿನಲ್ಲೇ ಅರ್ಥಶಾಸ್ತ್ರದ ಶಾಲೆಯೊಂದನ್ನು ಸ್ಥಾಪಿಸಿತು. ಖಾಸಗಿಯ ವಿಚಾರ ಮಾಡುವ ಮುನ್ನ ಅದನ್ನೂ ವಿಚಾರಿಸಿ.

ಈಗ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಮಗಳಿಗೋ ಮಗನಿಗೋ ಅರ್ಥಶಾಸ್ತ್ರದಲ್ಲಿ ಒಲವಿದ್ದರೆ ಅಡ್ಡಿ ಮಾಡಬೇಡಿ. ಆದರೆ ಖಾಸಗಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವ ಮೊದಲು, ಅಂಗಡಿಗೆ ಸರಕು ತರುವಾಗ ಕೇಳುವಂತೆ, ನಾಲ್ಕು ಮಾತು ಕೇಳಿ. ಮೊದಲನೆಯದು, ಪೂರ್ತಿ ಓದಿಗೆ ಊಟ ವಸತಿ ಸೇರಿ ಒಟ್ಟು ಎಷ್ಟು? ಮೊದಲ ವರ್ಷದ ಫೀಜು ನೋಡಿ ಮೋಸಹೋಗಬೇಡಿ. ಎರಡನೆಯದು, ಫೀಜಿನ ರಿಯಾಯಿತಿ ಕೊನೆಯ ವರ್ಷದ ತನಕ ಉಂಟೇ, ಅಂಕ ಕಡಿಮೆಯಾದರೆ ನಿಲ್ಲುತ್ತದೆಯೇ? ಬಾಯಿಮಾತು ಬೇಡ, ಬರಹದಲ್ಲಿ ಪಡೆಯಿರಿ. ಮೂರನೆಯದು, ಬ್ಯಾಂಕಿನ ಸಾಲವಾದರೆ ಓದುವ ಕಾಲದಲ್ಲೂ ಬಡ್ಡಿ ಬೆಳೆಯುತ್ತದೆಯೇ, ತೀರಿಸುವ ಕಂತು ಎಷ್ಟು? ನಾಲ್ಕನೆಯದು, ಕಲಿಸುವವರು ಯಾರು, ಅವರು ಏನು ಬರೆದಿದ್ದಾರೆ, ಅಲ್ಲಿ ಎಷ್ಟು ವರ್ಷ ನಿಂತಿದ್ದಾರೆ? ಅಧ್ಯಾಪಕರು ವರ್ಷಕ್ಕೊಬ್ಬರು ಬದಲಾಗುವ ಕಡೆ ಕಟ್ಟಡ ಎಷ್ಟು ಚೆನ್ನಾಗಿದ್ದರೂ ಪಾಠ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಈಗಿನ ಅರ್ಥಶಾಸ್ತ್ರಕ್ಕೆ ಗಣಿತ ಬೇಕು. ಪಿ.ಯು.ಸಿ.ಯಲ್ಲಿ ಗಣಿತ ಓದದವರನ್ನು ಹಲವು ಕಡೆ ಒಳಗೇ ಸೇರಿಸುವುದಿಲ್ಲ. ನಮ್ಮ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಗಣಿತ ಕಷ್ಟವೆಂದು ಹದಿನಾರನೆಯ ವಯಸ್ಸಿನಲ್ಲಿ ಬಿಟ್ಟುಬಿಡುತ್ತಾರೆ. ಮುಂದೆ ಮುಚ್ಚುವ ಬಾಗಿಲು ಅಂದೇ ಮುಚ್ಚುತ್ತದೆ. ಯಾರಿಗೂ ಸದ್ದು ಕೇಳಿಸುವುದಿಲ್ಲ. ಆದ್ದರಿಂದ ಈ ವಾಚನಾಲಯದಲ್ಲಿ ವಾರಕ್ಕೆ ಮೂರು ಸಂಜೆ ಗಣಿತದ ಪಾಠ ನಡೆಸಬೇಕೆಂದು ಸೂಚಿಸುತ್ತೇನೆ. ನಾನೂ ಶಾಲೆಯಲ್ಲಿ ಪಾಠ ಹೇಳಿದವನು. ಹತ್ತನೆಯ ತರಗತಿಯವರೆಗಿನದನ್ನು ನಾನು ಹೇಳಿಕೊಡುತ್ತೇನೆ. ಅದರ ಮೇಲಿನದಕ್ಕೆ ಕಾಲೇಜಿನ ಮಿತ್ರರನ್ನು ಕರೆತರುವ ಹೊಣೆ ಅಧ್ಯಕ್ಷರದು. ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಸಿ, ಗಡುವು ತಪ್ಪದಂತೆ ಕಳುಹಿಸುವ ಕೆಲಸಕ್ಕೆ ಇಬ್ಬರು ಬೇಕು. ಪಾಳಿ ಮುಗಿಸಿ ಬರುವವರಿಗೆ ಅನುಕೂಲವಾಗುವಂತೆ ಹೊತ್ತು ಗೊತ್ತುಮಾಡೋಣ.

ಹೆಸರು ಕೊಡುವವರು ಹೋಗುವ ಮುನ್ನ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆಯಿರಿ.